ಒಂದು ಪಿನ್ನು, ನಾಲ್ಕು ತೂತು

"ಬಿಳಿದು ಸಾರ್. ಚಿಕ್ಕದು. ಮಧ್ಯೆ ಒಂದು ಗೀಟು."

ಇನ್ಸ್‌ಪೆಕ್ಟರ್ ಪೆನ್ನನ್ನು ಮೇಜಿನ ಮೇಲೆ ಕುಕ್ಕಿದ. ತೀರಿಕೊಂಡ ಗಡಿಯಾರದಜ್ಜ ಯಾವ ಮಾತ್ರೆ ನುಂಗುತ್ತಿದ್ದ ಎಂದು ಕೇಳಿದ್ದಕ್ಕೆ ಅವನ ಮಗಳು ಮೂರನೆಯ ಸಲ ಕೊಟ್ಟ ಉತ್ತರ ಇದು. ಅಳಿಯ ಹೇಳಿದ್ದೂ ಇದನ್ನೇ. ಪಕ್ಕದ ಹೊಲಿಗೆ ಅಂಗಡಿಯವನು, ಎದುರುಮನೆಯ ಮುದುಕಿ, ಎಲ್ಲರದೂ ಇದೇ ಪಾಠ. ಬೆಳಗಿನಿಂದ ಒಂಬತ್ತು ಜನ, ಒಂಬತ್ತು ಬಾಯಲ್ಲೂ ಅದೇ ಬಿಳಿದು, ಅದೇ ಚಿಕ್ಕದು, ಅದೇ ಗೀಟು.

"ಹೆಸರು ಕೇಳ್ತಿದೀನಮ್ಮ, ಹೆಸರು! ಮಾತ್ರೆಗೂ ಒಂದು ಹೆಸರಿರುತ್ತಲ್ಲ?"

"ಬೀಪಿ ಮಾತ್ರೆ ಅಂತಿದ್ವಿ."

"ಎರಡು ಥರ ಇತ್ತಲ್ಲ?"

"ಹೂಂ ಸಾರ್. ಇನ್ನೊಂದೂ ಬೀಪಿದೇ. ಅದೂ ಬಿಳಿದೇ. ಸ್ವಲ್ಪ ದೊಡ್ಡದು."

ಇನ್ಸ್‌ಪೆಕ್ಟರನ ಪಿತ್ತ ನೆತ್ತಿಗೇರಿತು. ಒಂದು ಅಂಗಿ ಕೊಳ್ಳುವಾಗ ಹತ್ತು ಸಲ ಹಿಂದೆಮುಂದೆ ತಿರುಗಿಸಿ ನೋಡುವ ಜನ, ದಿನಾ ಬೆಳಿಗ್ಗೆ ಹೊಟ್ಟೆಗೆ ಇಳಿಸುವ ವಸ್ತುವಿನ ಹೆಸರು ಮಾತ್ರ ಕೇಳುವುದಿಲ್ಲ. ಇದನ್ನು ಬಾಯಿಬಿಟ್ಟು ಹೇಳಹೊರಟವನು ಸುಮ್ಮನಾದ. ಅವನ ಅಂಗಿಯ ಜೇಬಿನಲ್ಲೂ ಎರಡು ವರ್ಷದಿಂದ ಎರಡು ಕಾಗದದ ಕವರು ಓಡಾಡುತ್ತಿದ್ದವು. ಒಳಗಿನ ಮಾತ್ರೆಗಳ ಹೆಸರು ಅವನಿಗೂ ಗೊತ್ತಿರಲಿಲ್ಲ.

ಅಜ್ಜ ಕೂತ ಕುರ್ಚಿಯಲ್ಲೇ ಹೋಗಿಬಿಟ್ಟು ಆರು ದಿನವಾಗಿತ್ತು. ಎಲ್ಲರೂ ಹೃದಯಾಘಾತ ಎಂದು ಕೈತೊಳೆದುಕೊಳ್ಳುವಾಗ ಪಟ್ಟು ಹಿಡಿದು ರಕ್ತವನ್ನು ಪರೀಕ್ಷೆಗೆ ಕಳಿಸಿದವನು ಇನ್ಸ್‌ಪೆಕ್ಟರ್ ಒಬ್ಬನೇ. ಬುಧವಾರ ವರದಿ ಬಂತು: ಸಕ್ಕರೆ ಕಾಯಿಲೆಯೇ ಇಲ್ಲದ ಮನುಷ್ಯನ ರಕ್ತದಲ್ಲಿ ಸಕ್ಕರೆ ಇಳಿಸುವ ಔಷಧ. ಅಜ್ಜನ ಡ್ರಾಯರಿನಲ್ಲಿದ್ದ ಎರಡು ಕವರುಗಳ ಪೈಕಿ ಒಂದರಲ್ಲಿ ಬೀಪಿ ಮಾತ್ರೆಯ ಬದಲು ಅದೇ ತುಂಬಿತ್ತು. ಕವರು ಬಂದದ್ದು ಬಸ್‌ಸ್ಟಾಪಿನ ಔಷಧದಂಗಡಿಯಿಂದ.

ಅಲ್ಲಿಗೆ ದೊಡ್ಡ ಸಾಹೇಬರ ಪಾಲಿಗೆ ಕೇಸು ಮುಗಿದಿತ್ತು. "ಅಂಗಡಿಯವಳು ತಪ್ಪು ಡಬ್ಬಿಗೆ ಕೈ ಹಾಕಿದ್ದಾಳೆ, ಅಷ್ಟೇ. ಶುಕ್ರವಾರ ಐದು ಗಂಟೆಗೆ ನನ್ನ ಮುಂದೆ ತಂದು ನಿಲ್ಲಿಸಿ."

ಇವತ್ತೇ ಶುಕ್ರವಾರ. ಗಂಟೆ ಎರಡೂವರೆ. ಅದನ್ನು ತಿಳಿಯಲು ಇನ್ಸ್‌ಪೆಕ್ಟರ್ ತನ್ನ ಕೈಗಡಿಯಾರ ನೋಡಿಕೊಳ್ಳಬೇಕಾಯಿತು, ಏಕೆಂದರೆ ಅವನು ಕೂತಿದ್ದ ಅಜ್ಜನ ಅಂಗಡಿಯ ಗೋಡೆಯ ಮೇಲಿದ್ದ ಇಪ್ಪತ್ತು ಗಡಿಯಾರಗಳು ಕೀ ಕೊಡುವವರಿಲ್ಲದೆ ಒಂದೊಂದಾಗಿ ನಿಂತುಹೋಗಿದ್ದವು. ಇಪ್ಪತ್ತು ಗಡಿಯಾರ, ಇಪ್ಪತ್ತು ಹೊತ್ತು. ಸಾಕ್ಷಿಗಳ ಹೇಳಿಕೆಯೂ ಹೀಗೇ ಇದ್ದಿದ್ದರೆ ಚೆನ್ನಾಗಿತ್ತು ಎಂದುಕೊಂಡ. ಅವು ಮಾತ್ರ ಒಂದೇ ಮಾತ್ರೆಯ ಮೇಲೆ ನಿಂತಿದ್ದವು.

"ಸರಿ, ಮಾತ್ರೆ ತರ್ತಿದ್ದೋರು ಯಾರು?"

"ಆ ಕಡೆ ಹೋಗೋರು ಯಾರಾದ್ರೂ ತಂದ್ಕೊಡೋರು ಸಾರ್. ಅಪ್ಪ ಬಾಗಿಲಲ್ಲೇ ಇಸ್ಕೋತಿದ್ರು. ನಾನು ಒಳಗಡೆ ಇರ್ತಿದ್ದೆ."

ಅದೂ ನಿಜ. ಬೀದಿಯ ಪದ್ಧತಿಯೇ ಅದು. ಬಸ್‌ಸ್ಟಾಪಿನ ಕಡೆ ಹೋದವರು ಹತ್ತು ಮನೆಯ ಔಷಧ ಹಿಡಿದುಕೊಂಡು ಬರುತ್ತಾರೆ. ಯಾರದು ಯಾವುದು ಎಂದು ಗೊಂದಲವಾಗದಿರಲಿ ಎಂದು ಔಷಧದಂಗಡಿಯ ಅಕ್ಕ ಕವರಿನ ಮೇಲೆ ಚಿತ್ರ ಬರೆಯುತ್ತಾಳೆ. ಅಜ್ಜನಿಗೆ ಗಡಿಯಾರ, ದರ್ಜಿಗೆ ಕತ್ತರಿ, ಇನ್ಸ್‌ಪೆಕ್ಟರನಿಗೆ ಟೋಪಿ. ಕೆಳಗೆ ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ. ಓದು ಬಾರದವರೂ ತಪ್ಪುವಂತಿಲ್ಲ.

"ಆವತ್ತು ಬೆಳಿಗ್ಗೆ ಏನಾಯ್ತು, ಇನ್ನೊಂದು ಸಲ ಹೇಳಿ."

ಮಗಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಮಾತ್ರೆ ತಗೊಂಡ್ರು. ತಿಂಡಿ ಬೇಡ ಅಂದ್ರು. ಈ ಗೋಡೆ ಗಡಿಯಾರ ಬಿಚ್ಚಿ ಹಾಕಿದ್ರಲ್ಲ, ಕೆಲಸ ಅರ್ಧಕ್ಕೆ ಬಿಟ್ಟು ಏಳೋ ಜೀವ ಅಲ್ಲ ಅದು."

"ಕೈ ನಡುಗ್ತಿತ್ತಾ?"

"ಇಲ್ಲ ಸಾರ್. ನೀವೇ ನೋಡಿ."

ಬಿಚ್ಚಿದ ಗಡಿಯಾರದ ಪಕ್ಕದಲ್ಲಿ, ಡಬ್ಬಿಯ ಮುಚ್ಚಳವೊಂದರಲ್ಲಿ, ಎಳ್ಳಿನ ಗಾತ್ರದ ಸ್ಕ್ರೂಗಳು ಸಾಲಾಗಿ ನಿಂತಿದ್ದವು. ಕೊನೆಯ ಸ್ಕ್ರೂ ಕೂಡ ಸಾಲು ತಪ್ಪಿರಲಿಲ್ಲ. ಇದೇ ಇನ್ಸ್‌ಪೆಕ್ಟರನ ತಲೆ ಕೊರೆಯುತ್ತಿದ್ದದ್ದು. ಸಕ್ಕರೆ ಇಳಿದರೆ ಮೊದಲು ಕೈ ನಡುಗುತ್ತದೆ, ಎದೆ ಡವಗುಟ್ಟುತ್ತದೆ ಎಂದು ಡಾಕ್ಟರು ಹೇಳಿದ್ದರು. ಈ ಅಜ್ಜ ಸಾಯುವ ಹೊತ್ತಿನಲ್ಲೂ ಎಳ್ಳು ಪೋಣಿಸುವ ಹಾಗೆ ಕೂತಿದ್ದನಲ್ಲ!

"ಆ ವಾರ ಇನ್ನೇನಾದ್ರೂ ಬದಲಾವಣೆ?"

"ಒಳ್ಳೇದೇ ಆಗಿತ್ತು ಸಾರ್. ವರ್ಷಗಟ್ಟಲೆಯಿಂದ ಪಾದ ಊದ್ಕೋತಿತ್ತು. ಆ ವಾರ ಊತ ಇಳಿದುಬಿಡ್ತು. ಚಪ್ಪಲಿ ಸಡಿಲ ಆಗಿದೆ ಅಂತ ನಗ್ತಿದ್ರು. ಗುಣ ಆಗ್ತಿದಾರೆ ಅಂತ ನಾವೂ ಖುಷಿಪಟ್ವಿ." ಅವಳ ದನಿ ಒಡೆಯಿತು. "ಆದ್ರೆ ಆವತ್ತು ನನ್ನ ಮೇಲೆ ಕೂಗಾಡಿಬಿಟ್ರು. ಮೇಜಿನ ಮೇಲೆ ನೀರಿನ ಲೋಟ ಇಟ್ಟೆ ಅಂತ. ಹುಟ್ಟಿದಾಗಿಂದ ಒಂದು ಗದರು ಗದರಿದವರಲ್ಲ. ಅಂಗಿಯೆಲ್ಲ ಬೆವರಿ ಒದ್ದೆಯಾಗಿತ್ತು, ಅಷ್ಟು ಸಿಟ್ಟು. ನನಗೂ ರೋಷ ಬಂತು. ಒಳಗೆ ಹೋದವಳು ಒಂದು ಗಂಟೆ ಹೊರಗೆ ಬರಲಿಲ್ಲ."

ಅವಳು ಬಂದು ನೋಡಿದಾಗ ಅಜ್ಜ ಮೇಜಿನ ಮೇಲೆ ತಲೆಯಿಟ್ಟಿದ್ದ.

ಇನ್ಸ್‌ಪೆಕ್ಟರನೂ ಈ ಬೆಳಿಗ್ಗೆ ಒಂದು ಗುಂಡಿ ಕಿತ್ತುಹೋದದ್ದಕ್ಕೆ ಹೆಂಡತಿಯ ಮೇಲೆ ಹರಿಹಾಯ್ದು, ತಿಂಡಿಯ ತಟ್ಟೆ ತಳ್ಳಿ ಬಂದಿದ್ದ. ಈ ಕೇಸು ಹೆಗಲೇರಿದಾಗಿನಿಂದ ಮನೆಯಲ್ಲಿ ಅವನು ಬಾಲ ಸುಟ್ಟ ಬೆಕ್ಕಿನ ಹಾಗಾಗಿದ್ದ.

ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ ಅಳಿಯ ಗಂಟಲು ಸರಿಮಾಡಿಕೊಂಡ. "ಸಾರ್, ಅಂಗಡಿ ಖಾಲಿ ಮಾಡೋಕೆ ಯಾವಾಗ ಪರ್ಮಿಷನ್ ಕೊಡ್ತೀರಿ?"

ಮಾವನ ಕುರ್ಚಿ ಆರುವ ಮೊದಲೇ ಅಂಗಡಿಯ ಚಿಂತೆ. ಈ ಅಳಿಯನ ತಾಯಿಗೆ ಸಕ್ಕರೆ ಕಾಯಿಲೆ, ಮನೆಯಲ್ಲಿ ಸಕ್ಕರೆ ಮಾತ್ರೆ ಇದ್ದೇ ಇತ್ತು. ಆದರೆ ಅವನು ಮಾವ ಸಾಯುವ ಹದಿನೈದು ದಿನ ಮೊದಲಿನಿಂದ ಬೇರೆ ಊರಿನಲ್ಲಿದ್ದ. ಆ ಕವರು ಬಂದದ್ದು ಸಾಯುವ ಐದು ದಿನ ಮೊದಲು. ಹಿಡಿಯಹೋದರೆ ಎಲ್ಲವೂ ಹೀಗೇ ಬೆರಳ ಸಂದಿಯಿಂದ ಜಾರುತ್ತಿತ್ತು.

ಇನ್ಸ್‌ಪೆಕ್ಟರ್ ಸಿಟ್ಟಿನಿಂದ ಡ್ರಾಯರನ್ನು ಮತ್ತೊಮ್ಮೆ ಎಳೆದ. ಅಜ್ಜನ ಕೆಲಸವೆಂದರೆ ಅಚ್ಚುಕಟ್ಟು. ಗೋಡೆ ಗಡಿಯಾರವಾದರೆ ಬೆನ್ನಿಗೆ ಅಂಟಿಸಿದ ಚೀಟಿ, ಕೈಗಡಿಯಾರವಾದರೆ ದಾರದಿಂದ ಕಟ್ಟಿದ ಚೀಟಿ, ಎರಡರಲ್ಲೂ ತಂದವರ ಗುರುತು. ದಾರವಿದ್ದ ಒಂದೇ ಒಂದು ಚೀಟಿ ಗಡಿಯಾರವಿಲ್ಲದೆ ಮೂಲೆಯಲ್ಲಿ ಬಿದ್ದಿತ್ತು. ಅದರ ಮೇಲೆ 'ಠಾಣೆ' ಎಂದಷ್ಟೇ ಇತ್ತು.

"ಅದು ನಮ್ಮ ಠಾಣೆ ಗೋಡೆ ಗಡಿಯಾರದ್ದು ಸಾರ್," ಎಂದಿತು ಬಾಗಿಲಿನಿಂದ ಒಂದು ದನಿ. "ಮೂರು ವರ್ಷದಿಂದ ನಿಂತಿದ್ಯಲ್ಲ. ನಾನೇ ಹೇಳಿದ್ದೆ. ಬಂದು ಒಯ್ತೀನಿ ಅಂದಿದ್ರು ಪಾಪ."

ಹೆಡ್ ಕಾನ್‌ಸ್ಟೇಬಲ್. ಎಲ್ಲರ ಬಾಯಲ್ಲೂ ದಫೇದಾರ. ಇಪ್ಪತ್ತು ವರ್ಷದಿಂದ ಠಾಣೆಯ ಬೀಗದಕೈಗಳೆಲ್ಲ ಅವನ ಸೊಂಟದಲ್ಲೇ. ಯಾರ ಮನೆಯ ಕೆಲಸಕ್ಕೂ ಇಲ್ಲ ಎನ್ನದ ಮನುಷ್ಯ. ಬೆಳಗಿನಿಂದ ಈ ಒಂಬತ್ತು ಹೇಳಿಕೆಗಳನ್ನು ಬೇಸರವಿಲ್ಲದೆ ದುಂಡಗೆ ಬರೆದವನೂ ಅವನೇ.

ಇನ್ಸ್‌ಪೆಕ್ಟರ್ ಚೀಟಿಯನ್ನು ಫೈಲಿಗೆ ಸೇರಿಸಿ ಎದ್ದ. ಹೊಟ್ಟೆ ತಾಳ ಹಾಕುತ್ತಿತ್ತು. ಬೆಳಗಿನಿಂದ ಒಳಗೆ ಹೋದದ್ದು ಎರಡು ಬಿಸ್ಕತ್ತು. ಹೊಸಿಲ ಹೊರಗೆ ಬಿಟ್ಟಿದ್ದ ಬೂಟಿಗೆ ಕಾಲು ತೂರಿಸಿದ, ಸಲೀಸಾಗಿ ಇಳಿಯಿತು. ಎರಡು ವರ್ಷದಿಂದ ಈ ಬೂಟು ಮಧ್ಯಾಹ್ನದ ಹೊತ್ತಿಗೆ ಬಿಗಿದು ಪ್ರಾಣ ಹಿಂಡುತ್ತಿತ್ತು. ಎರಡು ದಿನದಿಂದ ಆ ಕಾಟವಿಲ್ಲ. ಈ ದರಿದ್ರ ವಾರದಲ್ಲಿ ಒಂದಾದರೂ ಒಳ್ಳೆಯದಾಯಿತಲ್ಲ ಎಂದುಕೊಂಡ.

*

ಔಷಧದಂಗಡಿಯ ಶಟರನ್ನು ಅರ್ಧ ಇಳಿಸಿದ್ದರು. ಒಳಗೆ ಸಾವಿರ ಮಾತ್ರೆ ಹಿಡಿಯುವ ತಗಡಿನ ಡಬ್ಬಿಗಳು ಸಾಲಾಗಿದ್ದವು. ಕೌಂಟರಿನ ಮೇಲೆ ಮಾತ್ರೆ ಎಣಿಸುವ ತಟ್ಟೆ, ಐದೈದಾಗಿ ಸರಿಸುವ ಚಪ್ಪಟೆ ಚಾಕು, ಕಾಗದದ ಕವರುಗಳ ಕಟ್ಟು, ಸ್ಟೇಪ್ಲರ್. ಅಕ್ಕ ಸ್ಟೂಲಿನ ಮೇಲೆ ಶಾಲು ಹೊದ್ದು ಕೂತಿದ್ದಳು. ಐವತ್ತೈದರ ಹೆಂಗಸು ಎರಡೇ ದಿನದಲ್ಲಿ ಎಪ್ಪತ್ತರವಳಂತೆ ಕಾಣುತ್ತಿದ್ದಳು.

"ನಾನು ಟೀ ತರ್ತೀನಿ ಸಾರ್," ಎಂದ ದಫೇದಾರ. "ಸಕ್ಕರೆ ಇಲ್ದೇ ತಾನೆ? ಬೀಪಿಯೋರಿಗೆ ಸಕ್ಕರೆ ಒಳ್ಳೇದಲ್ಲ."

"ಏನೋ ಒಂದು ತಗೊಂಡ್ ಬನ್ನಿ, ಹೋಗಿ!"

ಈ ಸಕ್ಕರೆ ಉಪದೇಶ ಸೋಮವಾರದಿಂದ ಶುರುವಾಗಿತ್ತು. ಅದೂ ಅವನ ತಲೆ ಚಿಟ್ಟು ಹಿಡಿಸುತ್ತಿತ್ತು.

ಇನ್ಸ್‌ಪೆಕ್ಟರ್ ಪ್ಲಾಸ್ಟಿಕ್ ಚೀಲದಲ್ಲಿದ್ದ ಅಜ್ಜನ ಕವರನ್ನು ಕೌಂಟರಿನ ಮೇಲೆ ಹಾಕಿದ. ಗಡಿಯಾರದ ಚಿತ್ರ, ಅದರ ಕೆಳಗೆ ಸೂರ್ಯ.

"ಇದು ನಿಮ್ಮ ಕೈಯದ್ದೇ ತಾನೆ?"

"ಚಿತ್ರ ನಂದೇ."

"ಒಳಗೆ ಸಕ್ಕರೆ ಮಾತ್ರೆ ಹೇಗೆ ಬಂತು?"

"ಗೊತ್ತಿಲ್ಲ ಸಾರ್."

"ಗೊತ್ತಿಲ್ಲ, ಗೊತ್ತಿಲ್ಲ!" ಅವನ ಕೈ ಕೌಂಟರಿಗೆ ಅಪ್ಪಳಿಸಿತು. ತಟ್ಟೆ ಎಗರಿಬಿತ್ತು. "ಬೆಳಗಿನಿಂದ ಇದೇ ಕೇಳಿ ಸಾಕಾಗಿದೆ ನನಗೆ. ಐದು ಗಂಟೆಗೆ ನಿಮ್ಮನ್ನ ಒಪ್ಪಿಸ್ಬೇಕು ಅಕ್ಕಾ! ಆಮೇಲೆ ಲೈಸೆನ್ಸೂ ಇಲ್ಲ, ಅಂಗಡಿಯೂ ಇಲ್ಲ, ಜೈಲೇ ಗತಿ. ಇಪ್ಪತ್ತಾರು ವರ್ಷ ಈ ಬೀದಿಗೆ ಮಾತ್ರೆ ಕೊಟ್ಟೋರು ನೀವು. ನಾನು ಮಾಡಿಲ್ಲ ಅಂತ ಒಂದು ಮಾತು ಹೇಳೋಕಾಗಲ್ವಾ?"

"ಆಗಲ್ಲ," ಎಂದಳು ಅಕ್ಕ, ಕಡ್ಡಿ ಮುರಿದಂತೆ. "ಅದೇ ತಾನೆ ನನ್ನ ಸಂಕಟ. ಎರಡು ಡಬ್ಬೀನೂ ಅಲ್ಲೇ ಇವೆ. ಎರಡು ಮಾತ್ರೇನೂ ಒಂದೇ ಥರ. ಸಕ್ಕರೆ ಡಬ್ಬಿಗೆ ಕೆಂಪು ಟೇಪ್ ಸುತ್ತಿ ಬೇರೆ ಹಲಗೆ ಮೇಲೆ ಇಟ್ಟಿದೀನಿ. ಆದ್ರೂ ಆವತ್ತು ನನ್ನ ಕೈ ಎಲ್ಲಿ ಹೋಯ್ತು? ನೆನಪಾಗಲ್ಲ. ಇಪ್ಪತ್ತಾರು ವರ್ಷ ಮಾಡಿದ ಕೆಲಸ ಯಾರಿಗೆ ನೆನಪಿರುತ್ತೆ, ಹೇಳಿ? ಎರಡು ದಿನದಿಂದ ಕಣ್ಣು ಮುಚ್ಚಿಲ್ಲ. ನೀವು ಕೂಗಿ ಸಾರ್. ನಾನೂ ನನ್ನ ಮೇಲೆ ಕೂಗ್ಕೋತಾನೇ ಇದೀನಿ."

ಇನ್ಸ್‌ಪೆಕ್ಟರ್ ಸುಸ್ತಾಗಿ ಎದುರಿನ ಸ್ಟೂಲಿನ ಮೇಲೆ ಕುಸಿದ. ಸುಳ್ಳು ಹೇಳುವವರನ್ನು ಬಗ್ಗಿಸುವುದು ಅವನಿಗೆ ಗೊತ್ತಿತ್ತು. ತನ್ನನ್ನೇ ನಂಬದವಳನ್ನು ಬಿಡಿಸುವುದು ಹೇಗೆ?

"ಒಂದು ವಿಷಯ ಹೇಳಿ," ಎಂದ. "ಅಜ್ಜನ ಕೈ ಕೊನೇ ತನಕ ನಡುಗಲಿಲ್ಲ. ಡಾಕ್ಟರು ನಡುಗ್ಬೇಕು ಅಂತಾರೆ. ಇದು ಯಾಕೆ ತಾಳೆ ಆಗ್ತಿಲ್ಲ?"

ಅಕ್ಕನ ಕಣ್ಣಿನಲ್ಲಿ ಎರಡು ದಿನದಲ್ಲಿ ಮೊದಲ ಸಲ ಜೀವ ಬಂತು. ಕೆಲಸದ ಮಾತು ಬಂದರೆ ಅವಳು ಹಾಗೇ.

"ಅಜ್ಜನಿಗೆ ಎರಡು ಮಾತ್ರೆ. ದೊಡ್ಡದು ಎದೆಬಡಿತ ಇಳಿಸೋದು. ಮೈಗೆ ಗಾಬರಿ ಆದಾಗ ಒಳಗೆ ಒಂದು ರಸ ಹುಟ್ಟುತ್ತೆ ಸಾರ್. ಅದು ಹೃದಯಕ್ಕೆ 'ಓಡು' ಅನ್ನುತ್ತೆ, ಕೈಗೆ 'ನಡುಗು' ಅನ್ನುತ್ತೆ. ಈ ಮಾತ್ರೆ ಅವುಗಳ ಕಿವಿಗೆ ಹತ್ತಿ ತುರುಕಿದ ಹಾಗೆ. ಕೂಗಿದ್ರೂ ಕೇಳಿಸಲ್ಲ. ಸಕ್ಕರೆ ಇಳಿದಾಗ ಮೈ ಕೂಗಿಕೊಂಡೇ ಇರುತ್ತೆ. ಕೈ ಸುಮ್ಮನಿರುತ್ತೆ, ಎದೆ ಸುಮ್ಮನಿರುತ್ತೆ."

"ಅಂದ್ರೆ ಗೊತ್ತಾಗೋದೇ ಇಲ್ವಾ?"

"ಬೆವರಲ್ಲಿ ಗೊತ್ತಾಗುತ್ತೆ. ಬೆವರಿನ ದಾರಿ ಬೇರೆ, ಅದನ್ನ ಈ ಮಾತ್ರೆ ತಡೆಯಲ್ಲ. ಆಮೇಲೆ ಹಸಿವು. ಆಮೇಲೆ ಸಿಟ್ಟು."

"ಸಿಟ್ಟಾ?"

"ಮಿದುಳಿಗೆ ಬೇಕಾದ್ದು ಸಕ್ಕರೆ ಸಾರ್. ಅದು ಸಿಗದಿದ್ರೆ ತಾಳ್ಮೆ ಮೊದಲು ಹೋಗುತ್ತೆ. ಸಣ್ಣ ಸಣ್ಣದಕ್ಕೆಲ್ಲ ರೇಗೋದು, ಕಿರುಚೋದು. ನೋಡಿದೋರು ಏನು ಕೊಬ್ಬು ಇವನಿಗೆ ಅಂದ್ಕೋತಾರೆ. ಅದು ಮನುಷ್ಯನ ಸಿಟ್ಟಲ್ಲ. ಹಸಿದ ಮಿದುಳಿನ ಸಿಟ್ಟು."

ಇನ್ಸ್‌ಪೆಕ್ಟರನಿಗೆ ನೀರಿನ ಲೋಟ ನೆನಪಾಯಿತು. ಸೆರಗಿನ ತುದಿ ಸುತ್ತಿಕೊಂಡಿದ್ದ ಆ ಬೆರಳು ನೆನಪಾಯಿತು. ಮೊದಲು ಅವಳಿಗೆ ಇದನ್ನು ಹೇಳಬೇಕು, ನಿನ್ನಪ್ಪ ನಿನ್ನ ಮೇಲೆ ಕೂಗಾಡಲಿಲ್ಲ ತಾಯಿ ಎಂದು.

"ಇನ್ನೊಂದು ಮಾತ್ರೆ, ಚಿಕ್ಕದು?"

"ಅದು ರಕ್ತನಾಳ ಸಡಿಲಿಸೋದು. ನಾಳದ ಗೋಡೆ ಬಿಗಿ ಹಿಡ್ಕೊಂಡ್ರೆ ಒತ್ತಡ ಏರುತ್ತೆ. ಹಿಡಿತ ಬಿಡಿಸಿದ್ರೆ ದಾರಿ ಅಗಲ ಆಗುತ್ತೆ, ಒತ್ತಡ ಇಳಿಯುತ್ತೆ. ಅದರದ್ದೊಂದೇ ಕಾಟ. ಸಡಿಲ ಆದ ನಾಳದಿಂದ ನೀರು ಜಿನುಗಿ ಪಾದದಲ್ಲಿ ನಿಲ್ಲುತ್ತೆ. ಅಜ್ಜ ಚಪ್ಪಲಿ ಹಿಡಿಸಲ್ಲ ಅಂತ ನನ್ನತ್ರ ಜಗಳ ಆಡೋರು."

"ಸಾಯೋ ವಾರ ಊತ ಇಳಿದಿತ್ತಂತೆ."

"ಇಳಿಯಲೇಬೇಕಲ್ಲ. ಆ ಮಾತ್ರೆ ಹೊಟ್ಟೆಗೆ ಹೋಗ್ತಾನೇ ಇರಲಿಲ್ಲ. ಅದರ ಜಾಗದಲ್ಲಿ ಸಕ್ಕರೆ ಮಾತ್ರೆ ಹೋಗ್ತಿತ್ತು." ಅವಳ ಮುಖ ಮತ್ತೆ ಕಪ್ಪಿಟ್ಟಿತು. "ಅದು ಮೇದೋಜೀರಕ ಗ್ರಂಥೀನ ಹಿಂಡಿ ಇನ್ಸುಲಿನ್ ಹೊರಗೆ ಹಾಕ್ಸುತ್ತೆ. ಸಕ್ಕರೆ ಕಾಯಿಲೆ ಇರೋರಿಗೆ ಅದೇ ಬೇಕು. ಇಲ್ಲದೋರಿಗೆ? ಹೊಟ್ಟೆಯಲ್ಲಿ ಅನ್ನ ಇದ್ಯಾ ಇಲ್ವಾ ಅಂತ ಅದು ಕೇಳಲ್ಲ. ನಾಲ್ಕು ದಿನ ಊಟ ಕಾಪಾಡಿದೆ. ಐದನೇ ದಿನ ತಿಂಡಿ ಬಿಟ್ರಲ್ಲ, ಮುಗೀತು."

ಗಂಟೆ ಮೂರೂವರೆ. ಇನ್ಸ್‌ಪೆಕ್ಟರ್ ಎದ್ದು ಓಡಾಡಿದ. ಸಾವು ಹೇಗಾಯಿತು ಎಂಬುದು ಎಳೆ ಎಳೆಯಾಗಿ ಬಿಚ್ಚಿಕೊಂಡಿತ್ತು. ಆದರೆ ಯಾರು ಎಂಬುದು ಬೆಳಿಗ್ಗೆ ಎಲ್ಲಿತ್ತೋ ಅಲ್ಲೇ ಕೂತಿತ್ತು. ತಿಳಿದದ್ದೆಲ್ಲ ಸೇರಿ ಅಕ್ಕನ ಕೊರಳಿಗೇ ಹಗ್ಗ ಬಿಗಿಯುತ್ತಿತ್ತು. ಅವನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

"ಆ ಕವರು ಒಂದು ಸಲ ಕೊಡಿ," ಎಂದಳು ಅಕ್ಕ ಇದ್ದಕ್ಕಿದ್ದಂತೆ. "ಫೋಟೋ ತೋರಿಸಿದ್ರಿ. ಕವರನ್ನ ಇವತ್ತೇ ನೋಡ್ತಿರೋದು."

ಅವಳು ಅದನ್ನು ಚೀಲದ ಸಮೇತ ಎತ್ತಿ ಟ್ಯೂಬ್‌ಲೈಟಿಗೆ ಹಿಡಿದಳು. ಕವರಿನ ಬಾಯಿಯ ಮಡಿಕೆಯನ್ನು ಹೆಬ್ಬೆರಳಿನಿಂದ ಬಿಡಿಸಿದಳು. ನೋಡಿದಳು. ಕನ್ನಡಕ ತೆಗೆದು ಶಾಲಿನಲ್ಲಿ ಒರೆಸಿ ಮತ್ತೆ ನೋಡಿದಳು.

"ನಾನು ಕವರು ತುಂಬಿದ್ಮೇಲೆ ಎಷ್ಟು ಪಿನ್ನು ಹೊಡೀತೀನಿ ಸಾರ್?"

"ನನಗೇನು ಗೊತ್ತು!"

"ಒಂದು. ಒಂದೇ ಒಂದು. ವಯಸ್ಸಾದೋರಿಗೆ ಕೀಳೋಕೆ ಕಷ್ಟ ಅಂತ. ಒಂದು ಪಿನ್ನಿಗೆ ಎರಡು ಕಾಲು, ಎರಡು ತೂತು. ಇಲ್ಲಿ ನೋಡಿ."

ಇನ್ಸ್‌ಪೆಕ್ಟರ್ ಬಗ್ಗಿದ. ಅಜ್ಜ ಕಿತ್ತ ಪಿನ್ನು ಮಡಿಕೆಯ ಒಂದು ಬದಿಯಲ್ಲಿ ಇನ್ನೂ ನೇತಾಡುತ್ತಿತ್ತು. ಅದರ ಕಾಲಿನದ್ದು ಎರಡು ತೂತು. ಅದರಿಂದ ಒಂದು ಅಕ್ಕಿಕಾಳಿನಷ್ಟು ದೂರದಲ್ಲಿ, ಬೆಳಕು ಸೂಜಿಮೊನೆಯ ಹಾಗೆ ತೂರಿ ಬರುತ್ತಿದ್ದ ಇನ್ನೆರಡು.

ಪಿನ್ನು ಒಂದು. ತೂತು ನಾಲ್ಕು.

"ಯಾರೋ ಬಿಚ್ಚಿದಾರೆ," ಎಂದ ಅವನು, ಉಸಿರು ಬಿಗಿಹಿಡಿದು. "ನಿಮ್ಮ ಪಿನ್ನು ತೆಗೆದು, ಮಾತ್ರೆ ಬದಲಾಯಿಸಿ, ಮತ್ತೆ ಪಿನ್ನು ಹೊಡೆದಿದಾರೆ."

ಅಕ್ಕ ಕವರನ್ನು ಎದೆಗವಚಿಕೊಂಡು ಸ್ಟೂಲಿನ ಮೇಲೆ ಕೂತು, ಶಾಲಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. "ನನ್ನ ಕೈಯಲ್ಲ," ಎಂದಳು ಅಳುವಿನ ನಡುವೆ. "ನನ್ನ ಕೈ ತಪ್ಪಿಲ್ಲ."

ಇನ್ಸ್‌ಪೆಕ್ಟರನಿಗೆ ಸಂತೋಷವಾಗಬೇಕಿತ್ತು. ಆದರೆ ಮೊದಲು ಬಂದದ್ದು ತನ್ನ ಮೇಲೇ ಕೆಟ್ಟ ಕೋಪ. ಆರು ದಿನದಿಂದ ಈ ಕವರು ಅವನ ಬಗಲಲ್ಲೇ ಇತ್ತು. ನಾಲ್ಕು ತೂತು ಎಣಿಸಲು ಬಾರದವನು ಎಂಥ ಪೊಲೀಸು! "ಥತ್!" ಎಂದು ಫೈಲನ್ನು ಕೌಂಟರಿಗೆ ಬಡಿದ. ಹಣೆಯಿಂದ ಬೆವರು ಫೈಲಿನ ಮೇಲೆ ತೊಟ್ಟಿಕ್ಕಿತು.

ಅಕ್ಕನ ಅಳು ಅಲ್ಲಿಗೇ ನಿಂತಿತು. ಅವಳು ಆ ತೊಟ್ಟನ್ನು ನೋಡಿದಳು. ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದಳು. ತಾನು ಹೊದ್ದಿದ್ದ ಶಾಲನ್ನು ನೋಡಿಕೊಂಡಳು.

"ನಿಮಗೆ ಸೆಕೆ ಆಗ್ತಿದ್ಯಾ?"

"ನನ್ನ ಸುದ್ದಿ ಬಿಡಿ ಈಗ."

"ಬೆಳಗಿನಿಂದ ಏನು ತಿಂದ್ರಿ?"

"ಬಿಡಿ ಅಂದ್ನಲ್ಲ!" ಎಂದು ಅರಚಿದ ಇನ್ಸ್‌ಪೆಕ್ಟರ್. ಆ ಅರಚು ಅವನ ಕಿವಿಗೇ ಬಿತ್ತು. ಅದರ ಹಿಂದೆಯೇ ಬೆಳಗಿನ ಗುಂಡಿ, ತಳ್ಳಿದ ತಟ್ಟೆ, ವಾರವೆಲ್ಲ ಬಾಲ ಸುಟ್ಟ ಬೆಕ್ಕು. ಅವನು ನಿಧಾನವಾಗಿ ಬಗ್ಗಿ ತನ್ನ ಬೂಟು ನೋಡಿಕೊಂಡ. ಎರಡು ಬೆರಳು ಸಲೀಸಾಗಿ ಒಳಗೆ ಇಳಿದವು.

ಅಕ್ಕ ಅಷ್ಟರಲ್ಲಿ ಡ್ರಾಯರಿನಿಂದ ಸಕ್ಕರೆ ನೋಡುವ ಪುಟ್ಟ ಯಂತ್ರ ತೆಗೆದಾಗಿತ್ತು. ಕೇಳದೆ ಅವನ ಬೆರಳು ಹಿಡಿದು ಚುಚ್ಚಿದಳು. ಬೆರಳು ಒಂದಿಷ್ಟೂ ನಡುಗುತ್ತಿರಲಿಲ್ಲ. ರಕ್ತದ ಹನಿ ಪಟ್ಟಿಯನ್ನು ಮುಟ್ಟಿತು. ಐದು ಸೆಕೆಂಡು.

ನಲವತ್ತೊಂದು.

"ಎಪ್ಪತ್ತರ ಕೆಳಗೆ ಹೋಗಬಾರದು," ಎಂದಳು ಅಕ್ಕ. ಅವಳ ಕೈಗಳು ಆಗಲೇ ಲೋಟಕ್ಕೆ ಗ್ಲೂಕೋಸ್ ಪುಡಿ ಸುರಿಯುತ್ತಿದ್ದವು. "ಕುಡೀರಿ. ಪೂರ್ತಿ. ನಿಮ್ಮ ಕವರು ಎಲ್ಲಿ?"

ಅವನು ಜೇಬಿನಿಂದ ಎರಡೂ ಕವರು ತೆಗೆದಿಟ್ಟ. ಅವಳು ಚಿಕ್ಕ ಮಾತ್ರೆಯದನ್ನು ಟ್ಯೂಬ್‌ಲೈಟಿಗೆ ಹಿಡಿದಳು. ಟೋಪಿಯ ಚಿತ್ರ, ಅದರ ಕೆಳಗೆ ಸೂರ್ಯ. ಮಡಿಕೆಯಲ್ಲಿ ಸೂಜಿಮೊನೆಯಂಥ ನಾಲ್ಕು ಬೆಳಕು.

ಅಕ್ಕ ಅದನ್ನು ಅಜ್ಜನ ಕವರಿನ ಪಕ್ಕದಲ್ಲಿ ಕೌಂಟರಿನ ಮೇಲಿಟ್ಟಳು.

"ಆಸ್ಪತ್ರೆಗೆ ಹೋಗ್ಲೇಬೇಕು, ಈಗಲೇ," ಎಂದಳು ಅಕ್ಕ ಪಿಸುದನಿಯಲ್ಲಿ. "ಈ ನೀರು ಅರ್ಧ ಗಂಟೆ ಕಾಯುತ್ತೆ ಅಷ್ಟೇ. ಆ ಮಾತ್ರೆ ಇಡೀ ದಿನ ಕೆಲಸ ಮಾಡುತ್ತೆ. ಮತ್ತೆ ಇಳಿಸುತ್ತೆ, ಮತ್ತೆ ಇಳಿಸುತ್ತೆ. ಪಕ್ಕದಲ್ಲಿ ಯಾರಾದ್ರೂ ಎಚ್ಚರ ಇರ್ಬೇಕು."

"ನನ್ನ ಕವರು ಸೋಮವಾರ ಬಂತು. ಯಾರ ಕೈಗೆ ಕೊಟ್ಟಿದ್ರಿ?"

"ಯಾವಾಗ್ಲೂ ಕೊಡೋರ ಕೈಗೇ. ಅಜ್ಜಂದೂ ಅವರೇ ಒಯ್ದಿದ್ದು. ಹೇಳಿಕೇಲಿ ಹೇಳಿದ್ನಲ್ಲ ಸಾರ್, ಓದಲಿಲ್ವಾ?"

ಇನ್ಸ್‌ಪೆಕ್ಟರ್ ಫೈಲಿನಲ್ಲಿ ಅಕ್ಕನ ಹೇಳಿಕೆಯ ಹಾಳೆ ತೆಗೆದ. ದುಂಡನೆಯ ಅಕ್ಷರ. 'ಮನೆಯವರು ತರಿಸಿಕೊಂಡರು' ಎಂದಷ್ಟೇ ಇತ್ತು. ಬರೆದುಕೊಂಡವನು ಹೆಸರನ್ನು ಬಿಟ್ಟಿದ್ದ.

ಹಾಳೆಯ ಹಿಂದಿನಿಂದ ದಾರದ ಚೀಟಿ ಜಾರಿ ಕೌಂಟರಿನ ಮೇಲೆ ಬಿತ್ತು. 'ಠಾಣೆ'. ಗ್ಲೂಕೋಸು ತಲೆಗೆ ಏರುತ್ತಿತ್ತೇನೋ, ಮಧ್ಯಾಹ್ನ ಕಾಣದ್ದು ಈಗ ಕಂಡಿತು. ಅಜ್ಜ ಗೋಡೆ ಗಡಿಯಾರಕ್ಕೆ ಚೀಟಿ ಅಂಟಿಸುತ್ತಿದ್ದ. ದಾರ ಕಟ್ಟುತ್ತಿದ್ದದ್ದು ಕೈಗಡಿಯಾರಕ್ಕೆ. ಠಾಣೆಯಲ್ಲಿ ಕೈಗಡಿಯಾರಗಳಿರುವುದು ಒಂದೇ ಜಾಗದಲ್ಲಿ, ಕಳ್ಳರಿಂದ ವಶಪಡಿಸಿಕೊಂಡ ಸಾಮಾನಿನ ಕೋಣೆಯಲ್ಲಿ. ಅಲ್ಲಿಯ ಒಂದು ಗಡಿಯಾರ ಕದ್ದು ರಿಪೇರಿಗೆ ಬಂದಿತ್ತು, ಎಲ್ಲಿಯದೆಂದು ಅಜ್ಜನಿಗೆ ಗೊತ್ತಾಗಿತ್ತು. ಆ ಕೋಣೆಯ ಬೀಗದಕೈ ಇಪ್ಪತ್ತು ವರ್ಷದಿಂದ ಒಂದೇ ಸೊಂಟದಲ್ಲಿತ್ತು.

ಶಟರಿನ ಕೆಳಗೆ ಎರಡು ಬೂಟುಗಳು ಬಂದು ನಿಂತಿದ್ದವು. ಎಷ್ಟು ಹೊತ್ತಿನಿಂದ ನಿಂತಿದ್ದವೋ.

"ಟೀ ಸಾರ್," ಎಂದು ದಫೇದಾರ ಬಗ್ಗಿ ಒಳಗೆ ಬಂದ. ಗ್ಲೂಕೋಸಿನ ಡಬ್ಬಿ ನೋಡಿದ. ಪುಟ್ಟ ಯಂತ್ರ ನೋಡಿದ. ಮುಖದಲ್ಲಿ ಅದೇ ಯಾರ ಕೆಲಸಕ್ಕೂ ಇಲ್ಲ ಎನ್ನದ ನಗು. "ಅಯ್ಯೋ, ಮುಖ ಬಾಡಿಹೋಗಿದೆ ನಿಮ್ದು. ಬನ್ನಿ ಸಾರ್, ಜೀಪು ತಿರುಗಿಸಿ ನಿಲ್ಸಿದೀನಿ. ಆಸ್ಪತ್ರೆಗೆ ತಾನೆ?"

ಇನ್ಸ್‌ಪೆಕ್ಟರ್ ಏಳಲು ನೋಡಿದ. ಕಾಲು ಮಾತು ಕೇಳಲಿಲ್ಲ. ದಫೇದಾರನ ಒಂದು ಕೈ ಅವನ ಕಂಕುಳಿಗೆ ಬಂದು ಮೆಲ್ಲಗೆ ಎತ್ತಿತು. ಇನ್ನೊಂದು ಕೈ ಕೌಂಟರಿನ ಮೇಲಿದ್ದ ಗಡಿಯಾರದ ಕವರನ್ನೂ ಟೋಪಿಯ ಕವರನ್ನೂ ಒಟ್ಟಿಗೆ ಎತ್ತಿ ತನ್ನ ಜೇಬಿಗೆ ಹಾಕಿಕೊಂಡಿತು.